ತಾನೇ ನಡೆಯುವ ಯಂತ್ರ: ನೌಬಾದ್ ಕರೇಜ್

‘ಯಮ್’ ಎಂಬ ಸಂಸ್ಕೃತ ಧಾತುವಿಗೆ ಹಿಡಿತದಲ್ಲಿಡು ಎಂದರ್ಥ. ‘ಯಂತ್ರ’ ಹುಟ್ಟಿದ್ದು ಅದರಿಂದ. ತಮ್ಮಿಷ್ಟದಂತೆ ಚಲಿಸುವ ಪಂಚಭೂತಗಳನ್ನು ಹಿಡಿದು ಬೇಕಾದ ದಾರಿಗೆ ಹಚ್ಚುವುದೇ ಯಂತ್ರ ಎನ್ನುತ್ತದೆ 11ನೇ ಶತಮಾನದ ಭೋಜರಾಜನ ‘ಸಮರಾಂಗಣ ಸೂತ್ರಧಾರ’ ಗ್ರಂಥ. ಯಾರೂ ನೂಕದೆ ನಡೆಯುವಂಥದ್ದು ಅಲ್ಲಿ ‘ಸ್ವಯಂವಾಹಕ’. 1150ರಲ್ಲಿ ಭಾಸ್ಕರಾಚಾರ್ಯರು ಪಾದರಸ ತುಂಬಿದ ‘ಸ್ವಯಂವಹ’ ಚಕ್ರವನ್ನೂ ವರ್ಣಿಸಿದರು. ಅದು ನಿರಂತರವಾಗಿ ತಿರುಗಲಾರದು ಎಂಬುದು ಬೇರೆ ಮಾತು.

ಈ ನೌಬಾದ್ ಕರೇಜ್‌ನಲ್ಲಿ ಚಕ್ರವೇ ಇಲ್ಲ. ಬೀದರನ್ನು ರಾಜಧಾನಿ ಮಾಡಿಕೊಂಡ ಬಹಮನಿಗಳ ಕಾಲದಲ್ಲಿ, 15ನೇ ಶತಮಾನದಲ್ಲಿ, ಜಂಬಿಟ್ಟಿಗೆ ಕಲ್ಲನ್ನು ಕೊರೆದು ಈ ನೀರಿನ ಸುರಂಗ ತೋಡಲಾಯಿತು. ‘ಕರೇಜ್’ ಎಂಬ ಹೆಸರು ಪಾರಸಿ, ವಿದ್ಯೆ ಇರಾನಿನದು. ಆದರೂ ಭೋಜನ ವಿವರಣೆ ಇದಕ್ಕೆ ಚೆನ್ನಾಗಿಯೇ ಹೊಂದುತ್ತದೆ. ಎತ್ತರದ ಮೊದಲ ಬಾವಿಯಾದ ತಾಯಿಬಾವಿಯಲ್ಲಿ ಒಸರುವ ಅಂತರ್ಜಲ ಸುರಂಗದ ಸಣ್ಣ ಇಳಿಜಾರನ್ನು ಹಿಡಿದು ತಾನಾಗಿ ಹರಿಯುತ್ತದೆ. ಎತ್ತು ಬೇಡ, ಕಪಿಲೆ ಬೇಡ. ಇಳಿಜಾರು ಹೆಚ್ಚಾದರೆ ನೀರಿನ ರಭಸಕ್ಕೆ ಸುರಂಗ ಕೊರೆದುಹೋಗುತ್ತದೆ, ಕಡಿಮೆಯಾದರೆ ಹೂಳು ನಿಲ್ಲುತ್ತದೆ. ಕಟ್ಟಿದವರ ಜಾಣ್ಮೆಯೆಲ್ಲ ಆ ಲೆಕ್ಕದಲ್ಲಿದೆ.

ಮೇಲೆ ಸಾಲಾಗಿ ಕಾಣುವ ಬಾವಿಗಳು ನೀರು ಸೇದಲು ಮಾತ್ರವಲ್ಲ. ಒಳಗೆ ಗಾಳಿ ಬೆಳಕು ಹೋಗುವುದೂ, ಹೂಳೆತ್ತುವವರು ಇಳಿಯುವುದೂ ಇವುಗಳಿಂದಲೇ. ದಯವಿಟ್ಟು ಕಸ, ಕಲ್ಲು ಹಾಕಬೇಡಿ.