ಶಸ್ತ್ರವೈದ್ಯರ ನಕ್ಷೆ ಮತ್ತು ತಾಯಿಯ ಹಾಲು

1956ರ ನವೆಂಬರ್ 1ರಂದು ಹುಮನಾಬಾದ್ ತಾಲ್ಲೂಕಿನ ಘಾಟಬೋರಾಳ ಹೈದರಾಬಾದ್ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಆ ಇಸವಿ ನಿಮಗೆ ಕಂಠಪಾಠ. ಅದೇ ವರ್ಷ ಅಮೆರಿಕದ ರಾಬರ್ಟ್ ವೈಸ್ ಎಂಬ ಶಸ್ತ್ರವೈದ್ಯ ಒಂದು ನಕ್ಷೆಯನ್ನು ಪ್ರಕಟಿಸಿದ. ಅದು ನಿಮ್ಮ ಪಠ್ಯದಲ್ಲಿಲ್ಲ. ಆದರೆ ಘಾಟಬೋರಾಳದ ಹೆಣ್ಣುಮಗಳೊಬ್ಬಳು ಇಂದು ಹೈದರಾಬಾದಿಗೆ ಹೋಗಿ ಸ್ತನದ ಗಾತ್ರ ತಗ್ಗಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೆ, ಅವಳ ಮೈಮೇಲೆ ಎಳೆಯುವ ಗೆರೆಗಳು ಆ ನಕ್ಷೆಯವೇ ಆಗಿರುವ ಸಂಭವ ಹೆಚ್ಚು.

ಇದನ್ನು ಶೋಕಿ ಎಂದು ನಗಬೇಡಿ. ಭಾರಕ್ಕೆ ಕತ್ತು, ಬೆನ್ನು ನೋಯುತ್ತವೆ. ಒಳಉಡುಪಿನ ಪಟ್ಟಿ ಹೆಗಲಲ್ಲಿ ಕುಳಿ ಬೀಳುವಂತೆ ಕೊರೆಯುತ್ತದೆ. ಬೇಸಗೆಯಲ್ಲಿ ಅಡಿಯ ಚರ್ಮ ಬೆವರಿಗೆ ಹುಣ್ಣಾಗುತ್ತದೆ. ಚಿಕಿತ್ಸೆಯಿಂದ ಈ ಬಾಧೆ ನಿಜಕ್ಕೂ ತಗ್ಗುತ್ತದೆ. ಪ್ರಶ್ನೆ ಏಳುವುದು ಆಮೇಲೆ, ಅವಳು ಬಾಣಂತಿಯಾದಾಗ: ಮಗುವಿಗೆ ಎದೆಹಾಲು ಸಾಲುತ್ತದೆಯೇ?

ಹಾಲು ಗ್ರಂಥಿಗಳಲ್ಲಿ ಹುಟ್ಟಿ ನಾಳಗಳ ಮೂಲಕ ತೊಟ್ಟಿಗೆ ಬರುತ್ತದೆ. ಮಗು ಚೀಪಿದ ಸುದ್ದಿಯನ್ನು ನರಗಳು ಮೆದುಳಿಗೆ ಒಯ್ದಾಗ ಹಾಲು ಇಳಿಯುತ್ತದೆ. ಇಂಗ್ಲೆಂಡಿನ ಆಸ್ಟ್ಲಿ ಕೂಪರ್ ಮೃತ ಬಾಣಂತಿಯರ ಹಾಲಿನ ನಾಳಗಳಿಗೆ ಬಣ್ಣದ ಮೇಣ ತುಂಬಿಸಿ ನೋಡಿ 1840ರಲ್ಲಿ ಸ್ತನದ ರಚನೆಯ ಬಗ್ಗೆ ಗ್ರಂಥ ಬರೆದ. ಅಂದರೆ ದಾರಿ ಎಲ್ಲಿದೆ ಎಂಬ ತಿಳಿವಳಿಕೆ ಹಳೆಯದು. ಆದರೂ ಶಸ್ತ್ರವೈದ್ಯರ ಚಿಂತೆ ಬಹುಕಾಲ ಬೇರೆಯೇ ಆಗಿತ್ತು: ರಕ್ತ ಸಿಗದೆ ತೊಟ್ಟು ಸಾಯಬಾರದು.

ಷಿಕಾಗೋದ ಮ್ಯಾಕ್ಸ್ ಥೋರೆಕ್ 1922ರಲ್ಲಿ ತೊಟ್ಟನ್ನು ಪೂರ್ತಿ ಬಿಡಿಸಿ ಹೊಸ ಜಾಗದಲ್ಲಿ ಕಸಿ ಮಾಡುವ ವಿಧಾನವನ್ನು ತಿಳಿಸಿದ. ತೊಟ್ಟೇನೋ ಬದುಕುತ್ತಿತ್ತು, ನಾಳಗಳೆಲ್ಲ ತುಂಡಾಗುತ್ತಿದ್ದವು. 1930ರಲ್ಲಿ ಶ್ವಾರ್ಟ್ಸ್‌ಮನ್ ಎಂಬಾತ ತೊಟ್ಟನ್ನು ಬಿಡಿಸದೆ, ಸುತ್ತಲ ಒಳಚರ್ಮದೊಂದಿಗೆ ಉಳಿಸುವ ಉಪಾಯ ಬರೆದ. ಇದೂ ರಕ್ತಕ್ಕಾಗಿಯೇ. 1970ರ ದಶಕದಲ್ಲಿ ತೊಟ್ಟಿನ ಕೆಳಭಾಗದ ಅಂಗಾಂಶವನ್ನು ಕಾಂಡದಂತೆ ಉಳಿಸುವ ಪದ್ಧತಿ ಬಂದಿತು. ಹಾಲಿಗೆ ಇದರಿಂದ ಲಾಭವಾಯಿತು, ಬಹುಪಾಲು ಉದ್ದೇಶವಿಲ್ಲದೆಯೇ ಎಂದು ನನಗನ್ನಿಸುತ್ತದೆ.

ಇನ್ನು ವೈಸ್‌ನ ನಕ್ಷೆ. ಅದು ಒಳಉಡುಪು ಹೊಲಿಯುವ ದರ್ಜಿಯ ಅಳತೆಪಟ್ಟಿಯಿಂದ ಹುಟ್ಟಿದ್ದು. ಅದು ಹೇಳುವುದು ಚರ್ಮವನ್ನು ಎಲ್ಲಿ ಕತ್ತರಿಸಬೇಕೆಂದು ಮಾತ್ರ. ಒಳಗೆ ಯಾವ ಕಾಂಡವನ್ನು ಉಳಿಸಿದರು ಎಂಬುದು ಬೇರೆ ನಿರ್ಧಾರ. ಹೀಗಾಗಿ ಇಬ್ಬರು ಹೆಂಗಸರ ಎದೆಯ ಮೇಲೆ ಒಂದೇ ಬಗೆಯ ಗಾಯದ ಗುರುತು ಇದ್ದರೂ, ಒಬ್ಬಳಿಗೆ ಹಾಲು ಸಾಕಷ್ಟು ಬರಬಹುದು, ಇನ್ನೊಬ್ಬಳಿಗೆ ಹನಿಯೂ ಬಾರದೆ ಹೋಗಬಹುದು.

2005ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಹಾಲೂಡಿಸುವ ತಾಯಂದಿರನ್ನು ಅಲ್ಟ್ರಾಸೌಂಡ್‌ನಲ್ಲಿ ಪರೀಕ್ಷಿಸಿದರು. ಪುಸ್ತಕಗಳು 15ರಿಂದ 20 ನಾಳಗಳೆಂದು ಹೇಳುತ್ತಿದ್ದವು; ಇವರಿಗೆ ತೊಟ್ಟಿನ ಬಳಿ ಕಂಡದ್ದು ಸರಾಸರಿ 9. ಇರುವುದೇ ಕಡಿಮೆ ಎಂದ ಮೇಲೆ ಕತ್ತರಿಸಿದ ಒಂದೊಂದಕ್ಕೂ ಬೆಲೆಯುಂಟು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಮರ್ಶೆಯಲ್ಲಿ, ತೊಟ್ಟಿನಡಿಯ ಅಂಗಾಂಶವನ್ನು ಪೂರ್ತಿ ಉಳಿಸಿದ ವಿಧಾನಗಳಲ್ಲಿ ಹಾಲೂಡಿಸುವ ಸಾಧ್ಯತೆ ಅತಿ ಹೆಚ್ಚು, ಏನೂ ಉಳಿಸದವುಗಳಲ್ಲಿ ಅತಿ ಕಡಿಮೆ ಕಂಡುಬಂದಿತು.

ಮನೆಯ ಹಿರಿಯರು "ಹಾಲಿಲ್ಲದ ತಾಯಿ" ಎಂದುಬಿಡುವ ಮುನ್ನ ಇದನ್ನು ಅವರಿಗೆ ವಿವರಿಸಿ. ಅರ್ಧ ಹಾಲು ಬಂದರೂ ಅದು ಹಾಲೇ. ಮಗುವಿನ ತೂಕವನ್ನು ತಪ್ಪದೆ ನೋಡಿಸುತ್ತ, ಕೊರತೆಯನ್ನು ವೈದ್ಯರು ಹೇಳಿದಂತೆ ತುಂಬಿಕೊಡಬಹುದು. ತುಂಡಾದ ಕೆಲವು ನಾಳಗಳು ಕಾಲಾಂತರದಲ್ಲಿ ಮತ್ತೆ ಕೂಡಿಕೊಳ್ಳುವುದೂ ಉಂಟು; ಎರಡನೆಯ ಬಾಣಂತನದಲ್ಲಿ ಹಾಲು ಹೆಚ್ಚಿದ ತಾಯಂದಿರಿದ್ದಾರೆ.

ಚಿಕಿತ್ಸೆಗೆ ಹೋಗುವ ಅಕ್ಕನೋ ಗೆಳತಿಯೋ ನಿಮಗಿದ್ದರೆ, ಮುಂದೆ ಹಾಲೂಡಿಸುವ ಆಸೆಯಿದೆ ಎಂದು ವೈದ್ಯರಿಗೆ ಮೊದಲೇ ಹೇಳಲಿ. ಯಾವ ಕಾಂಡವನ್ನು ಉಳಿಸಿದರೆಂಬುದನ್ನು ಬರೆದ ಕಾಗದವನ್ನು ಆಸ್ಪತ್ರೆಯಿಂದ ಕೇಳಿ ಪಡೆದು, ಹತ್ತು ವರ್ಷವಾದರೂ ಸರಿ, ಹೆರಿಗೆಯ ದಿನದವರೆಗೆ ಜೋಪಾನವಾಗಿಡಲಿ.