ನಾರಿನ ಕೋನ: ಸುತ್ತಿದ ಕೊಳವೆಗಳ ಬಲ ಮತ್ತು ಚಿತ್ರದುರ್ಗದ ಗಾಳಿಯಂತ್ರಗಳು

ಚಿತ್ರದುರ್ಗದ ಜೋಗಿಮಟ್ಟಿ ಸಾಲಿನಲ್ಲೂ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಗುಡ್ಡಗಳ ಮೇಲೂ ತಿರುಗುವ ಗಾಳಿಯಂತ್ರಗಳ ರೆಕ್ಕೆಗಳು ಮುಖ್ಯವಾಗಿ ಗಾಜಿನ ನಾರು ಮತ್ತು ರಾಳ ಬೆರೆತ ಎಫ್‌ಆರ್‌ಪಿಯವು. ರೆಕ್ಕೆಯ ಬುಡವೆಂದರೆ ದಪ್ಪ ಗೋಡೆಯ ಕೊಳವೆ. ಎಫ್‌ಆರ್‌ಪಿ ಕೊಳವೆಗೆ ಬಲ ಬರುವುದು ನಾರು ಕೂತ ದಿಕ್ಕಿನಿಂದ ಎಂಬುದನ್ನು ಅದರ ಚರಿತ್ರೆಯೇ ತೋರಿಸುತ್ತದೆ.

ಸುತ್ತುವ ವಿಧಾನ

ರಾಳದಲ್ಲಿ ಅದ್ದಿದ ಎಳೆಗಳನ್ನು ತಿರುಗುವ ಅಚ್ಚಿನ ಮೇಲೆ ಬಿಗಿಯಾಗಿ ಸುತ್ತಿ, ಕಾಯಿಸಿ ಗಟ್ಟಿಮಾಡಿ, ಅಚ್ಚನ್ನು ಹೊರತೆಗೆದರೆ ಕೊಳವೆ ಸಿದ್ಧ. ಎರಡೂ ತುದಿ ಮುಚ್ಚಿದ ತೆಳುಗೋಡೆಯ ಕೊಳವೆಯಲ್ಲಿ ಒಳಒತ್ತಡ ಏರಿದಾಗ ಸುತ್ತಳತೆಯ ದಿಕ್ಕಿನ ಪ್ರತಿಬಲ ಉದ್ದದ ದಿಕ್ಕಿನದರ ಎರಡರಷ್ಟಿರುತ್ತದೆ. ಹೊರೆಯೆಲ್ಲ ನಾರಿನದೇ ಎಂದು ಲೆಕ್ಕ ಹಾಕಿದರೆ, ಅಕ್ಷಕ್ಕೆ ಸುಮಾರು 54.7 ಡಿಗ್ರಿ ಕೋನದಲ್ಲಿ ಸುತ್ತಿದ ಎಳೆ ಎರಡೂ ದಿಕ್ಕನ್ನು ಸರಿದೂಗಿಸುತ್ತದೆ. ಗಾಜಿನ ನಾರಿನ ಸ್ಥಿತಿಸ್ಥಾಪಕತ್ವ ಗುಣಾಂಕ ಸುಮಾರು 72 ಗಿಗಾಪಾಸ್ಕಲ್. ಎಪಾಕ್ಸಿ ರಾಳದ್ದು ಸುಮಾರು 3. ಆದ್ದರಿಂದ ಎಳೆಗೆ ಅಡ್ಡಲಾಗಿ ಹೊರೆ ಬಿದ್ದರೆ ರಾಳ ಮೊದಲು ಬಿರಿಯುತ್ತದೆ. ಕೊಳವೆ ಸಿಡಿಯುವ ಮುಂಚೆಯೇ ಗೋಡೆಯಿಂದ ದ್ರವ ಜಿನುಗುವುದು ಇದರಿಂದಲೇ.

ರಾಕೆಟ್ಟಿನಿಂದ ರೆಕ್ಕೆಗೆ

1960ರ ದಶಕದ ಆರಂಭದಲ್ಲಿ ಅಮೆರಿಕದ ಪೊಲಾರಿಸ್ ಎ-2 ಕ್ಷಿಪಣಿಯ ಎರಡನೇ ಹಂತಕ್ಕೆ ಸುತ್ತಿದ ಗಾಜಿನಾರಿನ ಕವಚ ಬಂತು. ಭಾರತದಲ್ಲಿ 1980ರ ಜುಲೈ 18ರಂದು ರೋಹಿಣಿ ಉಪಗ್ರಹವನ್ನು ಕಕ್ಷೆಗೇರಿಸಿದ ಎಸ್‌ಎಲ್‌ವಿ-3 ರಾಕೆಟ್ಟಿನ ಮೂರನೇ ಮತ್ತು ನಾಲ್ಕನೇ ಹಂತಗಳ ಕವಚಗಳು ಎಫ್‌ಆರ್‌ಪಿಯವು. ಆ ನಾಲ್ಕನೇ ಹಂತದಿಂದ ರೂಪಿಸಿದ ಮೋಟಾರೇ ಬೆಂಗಳೂರಿನಲ್ಲಿ ತಯಾರಾಗಿ 1981ರ ಜೂನ್ 19ರಂದು ಹಾರಿದ ಆ್ಯಪಲ್ ಉಪಗ್ರಹವನ್ನು ಭೂಸ್ಥಿರ ಕಕ್ಷೆಗೆ ಒಯ್ದಿತು.

1982ರ ಸುಮಾರಿಗೆ ಅಮೆರಿಕದ ವಯೋಮಿಂಗ್‌ನಲ್ಲಿ ನಿಂತ ಡಬ್ಲ್ಯುಟಿಎಸ್-4 ಗಾಳಿಯಂತ್ರದ ರೆಕ್ಕೆಗಳನ್ನೂ ಎಳೆ ಸುತ್ತಿಯೇ ಮಾಡಿದ್ದರು. ಬಳಿಕ ಅಚ್ಚಿನಲ್ಲಿ ನಾರಿನ ಹಾಸುಗಳನ್ನು ಪದರವಾಗಿ ಇಡುವ ಕ್ರಮ ಮುಂದಾಯಿತು. ಕಾರಣ ಹೊರೆಯ ಬಗೆ. ರಾಕೆಟ್ ಕವಚಕ್ಕೆ ಒಳಒತ್ತಡ ಮುಖ್ಯವಾದರೆ, ರೆಕ್ಕೆಗೆ ಬಾಗುವಿಕೆ ಮುಖ್ಯ. ಅದಕ್ಕೆಂದೇ ರೆಕ್ಕೆಯ ಮುಖ್ಯ ನಾರುಗಳು ಉದ್ದಕ್ಕೆ ಸಾಗುತ್ತವೆ. ತಿರುಚುವಿಕೆಯನ್ನು ತಡೆಯಲು ಎರಡೂ ಕಡೆ 45 ಡಿಗ್ರಿ ಓರೆಯ ಪದರಗಳು ಜೊತೆಗೂಡುತ್ತವೆ.

ದುರ್ಗದ ಸಾಕ್ಷ್ಯ

20 ವರ್ಷದ ಬಾಳಿಕೆಯಲ್ಲಿ ರೆಕ್ಕೆ 10 ಕೋಟಿಗೂ ಹೆಚ್ಚು ಸುತ್ತು ತಿರುಗುತ್ತದೆ. ಪ್ರತಿ ಸುತ್ತಿನಲ್ಲೂ ಅದರ ಸ್ವಂತ ತೂಕ ಬುಡವನ್ನು ಒಮ್ಮೆ ಈ ಕಡೆಗೆ, ಒಮ್ಮೆ ಆ ಕಡೆಗೆ ಬಾಗಿಸುತ್ತದೆ. ಇದರ ಜೊತೆಗೆ ಬಯಲುಸೀಮೆಯ ಬಿಸಿಲು, ಧೂಳು, ಮಳೆಹನಿಗಳ ಹೊಡೆತವೂ ಉಂಟು. ಇಷ್ಟು ದೀರ್ಘ ದಣಿವನ್ನು ಪ್ರಯೋಗಾಲಯದ ತುಣುಕಿನ ಮೇಲೆ ಪೂರ್ಣವಾಗಿ ಮರುಸೃಷ್ಟಿಸುವುದು ಕಷ್ಟ. ಒಮ್ಮೆ ಗಟ್ಟಿಯಾದ ಎಪಾಕ್ಸಿ ಮತ್ತೆ ಕರಗದ ಕಾರಣ ಹಳೆಯ ರೆಕ್ಕೆಯನ್ನು ಕರಗಿಸಿ ಬಳಸುವಂತೆಯೂ ಇಲ್ಲ.

ಜಿಲ್ಲೆಯ ಮೊದಲ ತಲೆಮಾರಿನ ಯಂತ್ರಗಳು ಈಗ ಆ 20 ವರ್ಷದ ವಯಸ್ಸನ್ನು ಮುಟ್ಟಿವೆ. ಇಳಿಸಿದ ರೆಕ್ಕೆಗಳನ್ನು ಗುಜರಿಗೆ ಕಳಿಸುವ ಮೊದಲು ಬುಡದ ತುಂಡುಗಳನ್ನು ಕತ್ತರಿಸಿ, ಉಳಿದ ಬಲವನ್ನು ಅಳೆದು, ನಾರಿನ ಕೋನ ಮತ್ತು ದುಡಿದ ವರ್ಷಗಳೊಂದಿಗೆ ದಾಖಲಿಸಬೇಕು. ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜುಗಳೂ ಯಂತ್ರಗಳ ಒಡೆಯರೂ ಕೂಡಿ ಈ ಕೆಲಸವನ್ನು ಬೇಗ ಕೈಗೆತ್ತಿಕೊಳ್ಳಲಿ.