ಸೇಂಟ್ ಕಿಲ್ಡಾದ ಚರ್ಚು, ಹೆಸರಿಲ್ಲದ ಸಮಾಧಿಗಳು

ಭೂಪಟ ತೆರೆದು ಸ್ಕಾಟ್‌ಲೆಂಡಿನ ಪಶ್ಚಿಮಕ್ಕೆ ಕಣ್ಣು ಹಾಯಿಸಿ. ಹೆಬ್ರೈಡ್ಸ್ ದ್ವೀಪಗಳನ್ನು ದಾಟಿ ಅಟ್ಲಾಂಟಿಕ್ ಸಾಗರದಲ್ಲಿ ಇನ್ನೂ ಸುಮಾರು 64 ಕಿಲೋಮೀಟರು ಹೋದರೆ ಸೇಂಟ್ ಕಿಲ್ಡಾ ಎಂಬ ಚುಕ್ಕೆ ಸಿಗುತ್ತದೆ. (ಭೂಪಟ ದೊಡ್ಡದಿರಬೇಕು!) ಕಡಲಹಕ್ಕಿಗಳ ಮಾಂಸ, ಮೊಟ್ಟೆ, ಎಣ್ಣೆಯನ್ನು ನೆಚ್ಚಿ ಬದುಕಿದ ಒಂದೇ ಹಳ್ಳಿ ಅಲ್ಲಿತ್ತು. 1826 ಮತ್ತು 1830ರ ನಡುವೆ ಆ ಹಳ್ಳಿಗೊಂದು ಪ್ರಾಟೆಸ್ಟಂಟ್ ಚರ್ಚು ಬಂತು. ಗೋಪುರವಿಲ್ಲದ ಸರಳ ಕಲ್ಲುಕಟ್ಟಡ. 1898ರಲ್ಲಿ ಅದಕ್ಕೆ ಶಾಲಾಕೊಠಡಿಯೊಂದು ಸೇರಿತು.

ಮನೆಗಳ ಸಾಲಿನ ಹಿಂದೆ, ಮೊಟ್ಟೆಯಾಕಾರದ ಕಲ್ಲುಗೋಡೆಯೊಳಗೆ ಸ್ಮಶಾನವಿದೆ. ಹೆಚ್ಚಿನ ಸಮಾಧಿಗಳ ಮೇಲೆ ಹೆಸರಿಲ್ಲ, ಬರೀ ಒರಟು ಕಲ್ಲು. ಈ ಹಳ್ಳಿ ಹೂಳಿದವರಲ್ಲಿ ಹಸುಗೂಸುಗಳು ಬಹಳ. ಹತ್ತೊಂಬತ್ತನೆಯ ಶತಮಾನದ ಬಹುಕಾಲ ಇಲ್ಲಿ ಹುಟ್ಟಿದ ಮೂರು ಮಕ್ಕಳಲ್ಲಿ ಸುಮಾರು ಎರಡು ಉಳಿಯುತ್ತಿರಲಿಲ್ಲ. ನಾಲ್ಕೈದನೆಯ ದಿನ ಮಗು ಹಾಲು ಕುಡಿಯುವುದನ್ನು ಬಿಡುತ್ತಿತ್ತು, ದವಡೆ ಬಿಗಿಯುತ್ತಿತ್ತು, ಎಂಟನೆಯ ದಿನದ ಹೊತ್ತಿಗೆ ಪ್ರಾಣ ಹೋಗುತ್ತಿತ್ತು. ಜನ ಅದನ್ನು ‘ಎಂಟು ದಿನದ ಕಾಯಿಲೆ’ ಎಂದರು, ದೇವರ ಚಿತ್ತವೆಂದು ಸಹಿಸಿಕೊಂಡರು.

ಅದು ಧನುರ್ವಾಯು. ಮಣ್ಣು, ಗೊಬ್ಬರಗಳಲ್ಲಿರುವ ರೋಗಾಣು ಹೊಕ್ಕುಳಬಳ್ಳಿ ಕೊಯ್ದ ಗಾಯದೊಳಗೆ ಸೇರಿ ಈ ರೋಗ ಬರುತ್ತದೆ. ಆ ಗಾಯಕ್ಕೆ ಫುಲ್ಮಾರ್ ಹಕ್ಕಿಯ ಎಣ್ಣೆ ಸವರುತ್ತಿದ್ದುದೇ ಕಾರಣವೆಂಬ ಮಾತು ಪ್ರಸಿದ್ಧ, ಆದರೆ ಸಾಬೀತಾದುದಲ್ಲ.

ದ್ವೀಪವನ್ನು ಕೆಡಿಸಿದ್ದೇ ಚರ್ಚು ಎಂದು ಬರೆದವರಿದ್ದಾರೆ. 1865ರಿಂದ 1889ರವರೆಗೆ ಇದ್ದ ಪಾದ್ರಿ ಜಾನ್ ಮೆಕೇ ಅವರ ಕಟ್ಟುನಿಟ್ಟು, ಭಾನುವಾರದ ದೀರ್ಘ ಪ್ರಾರ್ಥನೆಗಳು ಅವರ ಮುಖ್ಯ ಸಾಕ್ಷ್ಯ. ನನಗೆ ಇದು ಅರ್ಧಸತ್ಯವೆನಿಸುತ್ತದೆ. ಏಕೆಂದರೆ ಮೆಕೇ ನಂತರ ಅದೇ ವೇದಿಕೆ ಏರಿದ ಪಾದ್ರಿ ಆಂಗಸ್ ಫಿಡ್ಸ್ ಸುಮ್ಮನೆ ಕೂರಲಿಲ್ಲ. ಅವರು ಗ್ಲಾಸ್ಗೋ ನಗರಕ್ಕೆ ಹೋಗಿ ಹೆರಿಗೆಯ ಶುಚಿತ್ವವನ್ನೂ ಗಾಯಕ್ಕೆ ರೋಗಾಣುನಾಶಕ ಬಳಸುವುದನ್ನೂ ಕಲಿತು ಬಂದರು. ಜೋಸೆಫ್ ಲಿಸ್ಟರ್ 1865ರಲ್ಲಿ ಗಾಯಗಳಿಗೆ ಕಾರ್ಬಾಲಿಕ್ ಆಮ್ಲ ಬಳಸತೊಡಗಿದ್ದೂ ಆ ನಗರದಲ್ಲಿಯೇ. ಹಳೆಯ ಪದ್ಧತಿ ಬಿಡಿಸುವುದು ಸುಲಭವಾಗಲಿಲ್ಲ. ಆದರೂ 1890ರ ದಶಕದಲ್ಲಿ ಈ ಸಾವುಗಳು ನಿಂತವು. ನಮ್ಮ ದೇಶ ನವಜಾತ ಶಿಶುಗಳ ಧನುರ್ವಾಯುವನ್ನು ನಿವಾರಿಸಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ದೃಢಪಡಿಸಿದ್ದು 2015ರಲ್ಲಿ ಎಂಬುದನ್ನೂ ಇಲ್ಲಿ ನೆನೆಯಬಹುದು.

ಮಕ್ಕಳು ಉಳಿದರು, ಊರು ಉಳಿಯಲಿಲ್ಲ. ಮೊದಲ ಮಹಾಯುದ್ಧದ ನಂತರ ಯುವಕರು ಹೊರಗಿನ ಬದುಕನ್ನು ಅರಸಿ ಹೊರಟರು. 1930ರ ಆಗಸ್ಟ್ 29ರಂದು ಕೊನೆಯ 36 ಮಂದಿ ‘ಹೇರ್‌ಬೆಲ್’ ಹಡಗು ಹತ್ತಿದರು. ಹೊರಡುವ ಮುನ್ನ ಮನೆಮನೆಯಲ್ಲೂ ಬೈಬಲ್ ತೆರೆದಿಟ್ಟು, ಪಕ್ಕದಲ್ಲಿ ಓಟ್ಸ್ ಕಾಳಿನ ಸಣ್ಣ ರಾಶಿ ಇಟ್ಟರಂತೆ.

1957ರಿಂದ ದ್ವೀಪವು ಸ್ಕಾಟ್‌ಲೆಂಡಿನ ನ್ಯಾಷನಲ್ ಟ್ರಸ್ಟ್ ವಶದಲ್ಲಿದೆ. 1986ರಲ್ಲಿ ವಿಶ್ವಪರಂಪರೆಯ ತಾಣವಾಯಿತು. ದುರಸ್ತಿಯಾದ ಚರ್ಚನ್ನು ಬೇಸಿಗೆಯ ಪ್ರವಾಸಿಗರು ನೋಡಿಹೋಗುತ್ತಾರೆ.